ಟವೆಲು ಹಾಕಿದ ಸೀಟು

ತುರ್ಕು ಊರಿನಲ್ಲಿ ಜನವರಿಯ ಹಗಲು
ಒಂಬತ್ತೂವರೆಗೆ ಬಂದು ಮೂರೂವರೆಗೆ ಎದ್ದು ಹೋಗುತ್ತದೆ,
ಸಾಲ ಕೇಳಲು ಬಂದ ನೆಂಟನ ಹಾಗೆ
ಕುರ್ಚಿಯ ತುದಿಯಲ್ಲೇ ಕೂತಿದ್ದು.

ಆ ಕತ್ತಲಲ್ಲಿ ಔಲಿಸ್ ಬಸ್ಸಿಳಿದ.
ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ವೆಲ್ಡಿಂಗಿಗೆ ಬಾಗಿದ ಬೆನ್ನು.
ಲೆಂಪಿ ಹೋದ ಮೇಲೆ ಎರಡು ಚಳಿಗಾಲ
ಪರದೆ ಸರಿಸದ ಅಡುಗೆಮನೆ.
ಬೆನ್ನಿನದನ್ನು ಡಾಕ್ಟರಿಗೆ ಹೇಳಿದ್ದ,
ಇನ್ನೊಂದನ್ನು ಯಾರಿಗೂ ಇಲ್ಲ.
ಆಸ್ಪತ್ರೆಯ ನಮೂನೆಯಲ್ಲಿ ಎರಡಕ್ಕೂ ಬೇರೆ ಬೇರೆ ಚೌಕ.
ಒಂದಕ್ಕೆ ಗುರುತು ಹಾಕಿದ,
ಇನ್ನೊಂದರ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು,
ಹಾಕಿದ.

ನನ್ನ ಭಾಷೆಯಲ್ಲಿ ಸೊಂಟವೂ ನೋಯುತ್ತದೆ, ಮನಸ್ಸೂ ನೋಯುತ್ತದೆ;
ಒಂದೇ ಕ್ರಿಯಾಪದ ಎರಡು ಮನೆಗೆ ನೀರು ಹೊರುತ್ತದೆ.
ಹಿರಿಯರಿಗೆ ಎಲ್ಲ ಗೊತ್ತಿತ್ತು ಎನ್ನಲಾರೆ.
ಅವರ ಬಾಯಿಗೆ ಗೊತ್ತಿತ್ತು, ಅಷ್ಟೆ.
ಮಿದುಳಿನಲ್ಲಿ ಅದು ಎಲ್ಲಿ ಕೂರುತ್ತದೆಂದು ನೋಡುವುದಕ್ಕೆ
ಯಂತ್ರ ಬೇಕಾಯಿತು.

ಯಂತ್ರ ನೆಲಮಾಳಿಗೆಯಲ್ಲಿದೆ,
ಇಂಗಾಲದ ಹಣೆಗೆ ಆಯುಷ್ಯ ಬರೆಯುತ್ತದೆ:
ಇಪ್ಪತ್ತು ನಿಮಿಷಕ್ಕೆ ಅರ್ಧ, ಇನ್ನಿಪ್ಪತ್ತಕ್ಕೆ ಅರ್ಧದರ್ಧ.
ಬಿಸಿಲೇರುವ ಮುಂಚೆ ಸಂತೆಗೆ ಬೆಣ್ಣೆ ಹೊತ್ತವಳಂತೆ
ಸೀಸದ ಡಬ್ಬಿ ತಳ್ಳಿಕೊಂಡು ಓಡಿಬರುತ್ತಾಳೆ ಸಿನಿಕ್ಕ,
ಉಣ್ಣೆಯ ಕಾಲುಚೀಲ, ಸಡಿಲ ಚಪ್ಪಲಿ.
‘ಅಲ್ಲಾಡಬೇಡಿ’ ಎನ್ನುತ್ತಾಳೆ.
‘ಅಲ್ಲಾಡಿ ಎಷ್ಟು ದಿನವಾಯಿತು’ ಎನ್ನುತ್ತಾನೆ ಔಲಿಸ್.

ಪುಸ್ತಕಗಳು ಬೀಗ, ಕೀಲಿ ಎನ್ನುತ್ತವೆ.
ಕನ್ನಡದ ಪಾಠದಲ್ಲಿ ಅದು ಗ್ರಾಹಕ.
ಅಂಗಡಿಗೆ ಬಂದವನಿಗೂ ಅದೇ ಹೆಸರು,
ದುಡ್ಡಿಲ್ಲದೆ ಗಾಜಿಗೆ ಕೈಯಿಟ್ಟು ನಿಂತವನಿಗೂ.
ಔಲಿಸ್ ಹೇಳಿದ: ಧಕ್ಕೆಯ ಕಬ್ಬಿಣದ ಗೂಟವಿರಬೇಕು,
ಹಗ್ಗ ಬಿದ್ದರೆ ಹಡಗು ನಿಲ್ಲುತ್ತದಲ್ಲ, ಹಾಗೆ.
ಇರಲಿ.
ಗಸಗಸೆಯ ಕಾಯಿಂದ ಒಸರಿದ ಹಾಲು ಬಂದು ಕೂರುವುದೂ ಅಲ್ಲೇ,
ಮೈ ತಾನೇ ಕಡೆದು ತೆಗೆದ ಮದ್ದು ಕೂರುವುದೂ ಅಲ್ಲೇ.

ಮೊದಲ ಚಿತ್ರ ಹಳದಿ, ಕೆಂಪು, ಒಲೆಯ ಹಾಗೆ.
ಹೊರಗಿಂದ ಹೋದದ್ದಕ್ಕೆ ಹೋದಲ್ಲೆಲ್ಲ ಜಾಗ.
‘ಚೆನ್ನಾಗಿದೆ’ ಎಂದ.
‘ಖಾಲಿ’ ಎಂದಳು ಸಿನಿಕ್ಕ, ಮೆಲ್ಲಗೆ.

ಗುರುವಾರ ಟೌನೊ ಜೊತೆಗೆ ಬಂದ.
ಅರ್ಧ ಗಂಟೆ ಗೆಳೆಯರಿಬ್ಬರನ್ನೇ ಬಿಡಬೇಕು, ಪ್ರಯೋಗದ ನಿಯಮ.
ಯಾವುದೋ ಎಂಬತ್ತಾರನೇ ಇಸವಿ,
ತನ್ನ ಉಕ್ಕಿನ ಮೂತಿಯ ಬೂಟನ್ನೇ
ಹಡಗಿನ ತಳಕ್ಕೆ ಬೆಸೆದುಕೊಂಡ ಮೇಸ್ತ್ರಿ,
ಬರಿಗಾಲಲ್ಲಿ ಹಿಮದ ಮೇಲೆ ಅವನ ಕುಣಿತ,
ಬಯ್ಗುಳ.
ಔಲಿಸ್ ನಕ್ಕ. ಕೆಮ್ಮು ಬರುವ ತನಕ.
ಬಾಗಿಲಾಚೆ ಸಿನಿಕ್ಕ ಗಡಿಯಾರ ನೋಡಿಕೊಂಡಳು.

ಈ ಸಲದ ಚಿತ್ರ ಅಲ್ಲಲ್ಲಿ ಮಂಕು.
ಏದುಸಿರಲ್ಲಿ ಬಂದ ಇಂಗಾಲ ನಿಂತೇ ನೋಡಿತು:
ಕಿಟಕಿಯಿಂದ ಯಾರೋ ಟವೆಲು ಎಸೆದು
ಸೀಟು ಹಿಡಿದುಬಿಟ್ಟಿದ್ದರು.
ನಗು ಮೊದಲೇ ಬಂದು ಕೂತಿತ್ತು.

ಈಗ ಅವರು ಹುಡುಕುತ್ತಿರುವುದು ಅಂಥದೊಂದು ಮದ್ದು:
ಬಂದು ಕೂರಬೇಕು, ಇಡೀ ಬೆಂಚಿಗೆ ಕಾಲು ಚಾಚಬಾರದು,
ನೋವನ್ನು ಇಳಿಸಬೇಕು, ಉಸಿರನ್ನಲ್ಲ,
ಮರುದಿನ ಬಾಗಿಲು ಬಡಿದು
ಇನ್ನೂ ಕೊಡು ಎನ್ನಬಾರದು.
ಹನ್ನೊಂದು ಸೋತಿವೆ.
ಹನ್ನೆರಡನೆಯದಕ್ಕೆ ಹೆಸರಿಟ್ಟಿಲ್ಲ, ನಂಬರಿದೆ.

ಔಲಿಸ್‌ಗೆ ಸಿಕ್ಕ ಮಾತ್ರೆ ಅದೋ, ಬರೀ ಸಕ್ಕರೆಯೋ,
ಸಿನಿಕ್ಕಳಿಗೂ ತಿಳಿಯದು.
ಕೊನೆಯ ದಿನ ಕೇಳಿದ, ತಮಾಷೆಗೇ ಇರಬೇಕು:
‘ಚಿತ್ರದಲ್ಲಿ ಲೆಂಪಿ ಎಲ್ಲಾದರೂ ಕಂಡಳೇ?’
ಅವಳು ಉತ್ತರಕ್ಕೆ ತಡಕಾಡಿದಳು.
‘ನಮಗೆ ಕಾಣುವುದು ಸರಾಸರಿ.
ನಲವತ್ತಮೂರು ಜನ, ಒಬ್ಬರ ಮೇಲೊಬ್ಬರು.’
‘ಇಕ್ಕಟ್ಟಾಗುವುದಿಲ್ಲವೇ’ ಎಂದು ಟೋಪಿ ಹಾಕಿಕೊಂಡ.

ಹೊರಗೆ ಬಸ್ಸು ಗುರುಗುಟ್ಟುತ್ತಿತ್ತು.
ಒಳಗೆ ಟೌನೊ,
ಪಕ್ಕದ ಸೀಟಿನ ಮೇಲೆ ಅವನ ಒಂದು ಕೈಗವಸು.
ಬೆನ್ನು ನೋಯುತ್ತಲೇ ಇತ್ತು.
ಕೂತ.