ಮೂವತ್ತೆರಡರ ಎದುರಿಗೆ ನಲವತ್ತೆಂಟು

ದತ್ತಾರಾಮ ಪಾಂಚಾಳರಿಗೆ ಕನ್ನಡ ಬಾರದು.
ಚಿಂಚ್‌ಪೋಕ್ಲಿಯ ಗಾಲಾದಲ್ಲಿ, ಅಂಟಿನ ಡಬ್ಬಿಯ ಮುಂದೆ ಕೂತು
ಕನ್ನಡಕ ಹಣೆಗೇರಿಸಿ ಕೇಳಿದ್ದರು:
ತಾಯಿ, ಇದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು?
ನಮ್ಮ ಅಕ್ಷರ ಸುಲಭ, ಹಗ್ಗಕ್ಕೆ ನೇತುಹಾಕಿದ ಬಟ್ಟೆ,
ಹಗ್ಗ ಇದ್ದ ಕಡೆ ಆಕಾಶ. ನಿಮ್ಮವು?

ತಲೆಕಟ್ಟು ತೋರಿಸಿದೆ.
ಓಹೋ, ಒಬ್ಬೊಬ್ಬರಿಗೂ ಒಂದೊಂದು ಟೋಪಿ, ಎಂದು ನಕ್ಕು
ಮೊದಲ ಹಾಳೆ ಮಡಚಿದರು.

ಮುನ್ನೂರು ಪ್ರತಿ.
ಭಿಶಿಯಲ್ಲಿ ನನ್ನ ಚೀಟಿ ಎದ್ದ ತಿಂಗಳು
ಬಿಲ್ಡಿಂಗಿನ ಹೆಂಗಸರು ಕೇಳಿದ್ದರು: ವಾಷಿಂಗ್ ಮಷೀನಾ, ಬಳೆಯಾ?
ಪುಸ್ತಕ, ಎಂದೆ.
ಯಾರದು?
ನಂದೇ ಎನ್ನುವಾಗ ದನಿ ಯಾಕೋ
ಕದ್ದ ಮಾಲಿನ ಹಾಗೆ ಸೆರಗಿನೊಳಗೆ ಹೋಯಿತು.

ಪ್ರಕಾಶಕರ ಹೆಸರೊಂದು ಬೇಕಲ್ಲ.
ಡೊಂಬಿವಲಿಯ ನಮ್ಮ ಬಿಲ್ಡಿಂಗಿನದ್ದೇ ಹಾಕಿದೆ: ಸುಯೋಗ ಪ್ರಕಾಶನ.
ಸೊಸೈಟಿ ಸೆಕ್ರೆಟರಿ ಒಂದು ವಾರ ಮಾತು ಬಿಟ್ಟ.

ಅಪ್ಪನ ಕಥೆ.
ಸಂಜೀವ ದೇವಾಡಿಗ, ಲಿಫ್ಟ್‌ಮನ್,
ಬಲ್ಲಾರ್ಡ್ ಪಿಯರಿನ ಹಡಗು ಕಂಪನಿಯಲ್ಲಿ ಮೂವತ್ತೊಂದು ವರ್ಷ.
ಒಂಬತ್ತು ಮಹಡಿಗಳನ್ನೂ ದಿನಕ್ಕೆ ನೂರು ಸಲ ಮುಟ್ಟಿದವರು,
ಒಂದರಲ್ಲೂ ಇಳಿದವರಲ್ಲ.
ಲ್ಯಾಬಿನಲ್ಲಿ ಯಾರದೋ ರಕ್ತದ ಟ್ಯೂಬಿಗೆ ಯಾರದೋ ಹೆಸರು ಅಂಟಿಸುತ್ತ
ಹಳೇ ರಿಪೋರ್ಟಿನ ಬೆನ್ನಿಗೆ ನಾಲ್ಕು ವರ್ಷ ಬರೆದೆ.
ಒಂದು ಅಧ್ಯಾಯದ ಹಿಂದೆ ಈಗಲೂ ಒಬ್ಬರ ಸಕ್ಕರೆ ಇನ್ನೂರ ಎಂಬತ್ತು.

ಪುಸ್ತಕ ಬಂತು. ಬಿಚ್ಚಿದರೆ
ಅರವತ್ತು ಪ್ರತಿಗಳಲ್ಲಿ ಒಂದು ಫಾರಂ ತಲೆಕೆಳಗು.
ಮೂವತ್ತೆರಡರ ಎದುರಿಗೆ
ಶೀರ್ಷಾಸನ ಹಾಕಿದ ನಲವತ್ತೆಂಟು.
ಪಾಂಚಾಳರು ಕೈಮುಗಿದರು:
ಮೊಮ್ಮಗ ಜೋಡಿಸಿದ್ದು, ಟೋಪಿ ನೋಡಲಿಲ್ಲ.
ಆ ಅರವತ್ತರ ಕೂಲಿ ಬಿಟ್ಟುಕೊಟ್ಟರು.
ಮತ್ತೆ ಅಚ್ಚು ಹಾಕಿಸಲು ಇನ್ನೊಂದು ಭಿಶಿ ಏಳಬೇಕು.

ನೆಟ್ಟಗಿದ್ದವು ವಿಮರ್ಶಕರಿಗೆ, ಲೈಬ್ರರಿಗೆ,
ಮಾಟುಂಗದ ಸಮಾರಂಭದಲ್ಲಿ ಮೈಕಿನ ಪಕ್ಕ ಕೂತವರಿಗೆ.
ತಲೆಕೆಳಗಾದವು ನಂಟರಿಗೆ.
ನಂಟರು ಕ್ಷಮಿಸುತ್ತಾರೆ.

ಕ್ಷಮಿಸುವ ಪ್ರಸಂಗವೇ ಬರಲಿಲ್ಲ.
ಒಂದೇ ಉಸಿರಿಗೆ ಓದಿದೆ, ಎಂದರು ಐರೋಲಿಯ ಚಿಕ್ಕಪ್ಪ.
ಕಣ್ಣೀರು ಬಂತು ಮಾರಾಯ್ತಿ, ಕೊನೆಯಂತೂ ಅದ್ಭುತ,
ಎಂದರು ಮಾಲಿನಿ ಅತ್ತಿಗೆ.
ಕಾದೆ. ಒಬ್ಬರಾದರೂ ಬೈಯಲಿ,
ಇದೇನು ಪುಸ್ತಕವಾ ಬಾವಲಿಯಾ ಎನ್ನಲಿ.
ಅರವತ್ತು ಮನೆ.
ಯಾರ ಕತ್ತೂ ಉಳುಕಲಿಲ್ಲ.

ದೀಪಾವಳಿಯ ಸಾಮಾನು ಹೊತ್ತು ಠಾಣೆ ಸ್ಟೇಷನ್ನಿನಲ್ಲಿ ನಿಂತಿದ್ದೆ,
ಗುರುತಿಲ್ಲದ ನಂಬರು.

ಅಕ್ಕಾರ, ನಾ ಶರಣಪ್ಪ. ವಾಶಿಯಾಗ ನೈಟ್ ವಾಚ್‌ಮನ್, ಊರು ಆಳಂದ ಕಡೆ.
ನಿಮ್ಮ ಪುಸ್ತಕ ರದ್ದಿ ಅಂಗಡ್ಯಾಗ ಸಿಕ್ತು, ಹತ್ತು ರೂಪಾಯಿ.
ಮೊದಲನೇ ಪುಟದಾಗ ಪ್ರೀತಿಯ ಮಾಲಿನಿ ಅತ್ತಿಗೆಗೆ ಅಂತ ಬರದೈತಿ,
ಅವರಿಗೆ ವಾಪಸ್ ಬೇಕೇನ್ರಿ?

ಬೇಡ, ಎಂದೆ.

ಮತ್ತ ಒಂದು ಕೇಳೂದೈತ್ರಿ.
ಆ ರಾತ್ರಿ ಕರೆಂಟ್ ಹೋಗಿ ಆರು ಏಳರ ನಡುವ ಲಿಫ್ಟ್ ನಿಂತಿತಲ್ಲ,
ನಿಮ್ಮಪ್ಪಾರು ಕತ್ತಲದಾಗ ಒಬ್ಬರ ಕುಂತಿದ್ರಲ್ಲ,
ಅಲ್ಲಿಂದ ಪುಸ್ತಕ ತೆಳಗ ಮ್ಯಾಲ ಆಗತೈತಿ.
ಹದಿನಾರು ಪುಟ ಉಲ್ಟಾ ಹಿಡಕೊಂಡ ಓದೀನಿ.
ಗಾಡಿ ತಗೊಂಡು ಬಂದ ಮಂದಿ ನಕ್ಕರು,
ವಾಚ್‌ಮನ್‌ಗ ಪುಸ್ತಕ ಹಿಡಿಯೂದ ಗೊತ್ತಿಲ್ಲ ಅಂತ.
ನಗಲಿ ಬಿಡ್ರಿ.
ಲಿಫ್ಟಿನ ಬಾಗಿಲಾ ತೆಗಿಯೂತನಾ ನಾ ತಿರುಗಸಲಿಲ್ಲ.
ಬೇಕಂತನ ಮಾಡೀರೇನು?

ಕರ್ಜತ್ ಫಾಸ್ಟ್ ಒಂದು ನಿಲ್ಲದೆ ಹೋಯಿತು.
ಹೂಂ ಎಂದೆನೋ, ಅಲ್ಲಪ್ಪ, ಮೊಮ್ಮಗ ಎಂದೆನೋ,
ಅವನಿಗೆ ಕೇಳಿಸಿದ್ದು ಏನೋ.

ತಿಳೀತ್ರಿ, ಎಂದ.