ಹದಿನಾರು ಟನ್ನು ನಾನೂರು

ಇವತ್ತು ಇಪ್ಪತ್ತನೇ ತಾರೀಕು.
ರಾತ್ರಿ ಹನ್ನೆರಡರೊಳಗೆ ಹೋಗಬೇಕು ಜಿಎಸ್‌ಟಿ,
ಇಬ್ಬರು ಬೆಲ್ಲದ ಮಂಡಿಯವರದು, ಒಬ್ಬ ಸಿಮೆಂಟಿನವನದು.
ಲ್ಯಾಪ್‌ಟಾಪಿನ ಮೂಲೆಯಲ್ಲಿ ಬೀಸಣಿಗೆಯಂಥ ಆ ಗುರುತು
ತುಂಬಿಕೊಂಡೇ ಇದೆ,
ಪುಟ ಮಾತ್ರ ತೆರೆಯುವುದಿಲ್ಲ,
ಊಟಕ್ಕೆ ಕರೆದು, ಎಲೆ ಹಾಕಿ,
ಬಡಿಸುವುದನ್ನು ಮರೆತವರ ಹಾಗೆ.

ಮೊದಲು ಆರಿಸಿ ಹಾಕಿದೆ.
ಎಲ್ಲರೂ ಮೊದಲು ಮಾಡುವುದು ಅದನ್ನೇ.
ರೌಟರಿನ ತಂತಿ ಕಿತ್ತು, ಮೂವತ್ತು ಎಣಿಸಿ, ಚುಚ್ಚಿದೆ.
ಷೋಕೇಸಿನಿಂದ ಇಳಿಸಿ ಬೀರುವಿನ ಮೇಲಿಟ್ಟೆ.
ಬೀರು ಕಬ್ಬಿಣ, ಅಲೆ ತಡೀತದೆ ಮೇಡಂ ಅಂತ
ಫೋನಿನಲ್ಲಿ ಮುದಸ್ಸಿರ್ ರೇಗಿದ ಮೇಲೆ
ಕಿಟಕಿಯ ಕಟ್ಟೆಗೆ ಬಂತು.
ಎರಡು ಕೊಂಬಿನಲ್ಲಿ ಒಂದನ್ನು ನೆಟ್ಟಗೆ, ಒಂದನ್ನು ಅಡ್ಡಕ್ಕೆ ತಿರುವಿದೆ.
'ಡ್ರೈವರ್ ತೆಗೆದು ಹೊಸದು ಹಾಕ್ತಿದೀನಿ' ಅಂದರೆ
ಅತ್ತೆ ಟೀವಿಯಿಂದ ಕಣ್ಣು ಕೀಳದೆ,
'ಈ ಹೊತ್ತಲ್ಲಿ ಎಲ್ಲಿಗೆ ಹೊಂಟೆ?'

ಹತ್ತು ನಿಮಿಷ ಓಡಿತು. ನಿಂತಿತು.
ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಸಿಗುತ್ತದೆ,
ನಡುಮನೆಯಲ್ಲೂ ಸಿಗುತ್ತದೆ,
ಕಾಂಪೌಂಡಿಗೆ ಅಂಟಿದ ನನ್ನ ಕೋಣೆಯಲ್ಲಿ, ಫೈಲುಗಳಿರುವಲ್ಲಿ, ಇಲ್ಲ.

'ನಿಮ್ಮ ರೌಟರ್ ಚೆನ್ನಾಗೇ ಐತೆ.
ಯಾವುದಕ್ಕೆ ಸೇರ್ಕೊಂಡೈತೆ ನೋಡಿ ಹೇಳಿ.'

ಅದನ್ನು ನೋಡಿರಲಿಲ್ಲ.
ಮೂಲೆ ಒತ್ತಿದೆ. ಗುತ್ತಲು ರಸ್ತೆಯ ಹಿಂದಿನ ನಮ್ಮ ಬೀದಿ
ಸಾಲಾಗಿ ಕೆಳಗಿಳಿಯಿತು:
ನಿಮಿಷಾಂಬ ನಿಲಯ, ಮೂರು ಗೆರೆ.
ಬಾಡಿಗೆ ಹುಡುಗರದು, ಹೇಳಬಾರದ ಹೆಸರು, ಎರಡು.
ಹಲ್ಲಿನ ಡಾಕ್ಟರದು, ಒಂದೇ.
ನಮ್ಮದು, ಎರಡು.
ಎಲ್ಲರಿಗಿಂತ ಮೇಲೆ, ನಾಲ್ಕೂ ಗೆರೆ ತುಂಬಿಕೊಂಡು,
'ಶಿವಮಾದು ಮನೆ'.
ಕೆಳಗೆ ಸಣ್ಣಕ್ಷರ: ಸಂಪರ್ಕವಿದೆ, ಇಂಟರ್ನೆಟ್ ಇಲ್ಲ.

ಶಿವಮಾದು ಹೋಗಿ ಏಳು ತಿಂಗಳು.

ಎರಡು ವರ್ಷದ ಹಿಂದೆ ಒಳಚರಂಡಿಗೆ ಅಗೆದ ಜೆಸಿಬಿ
ನಮ್ಮ ಕೇಬಲ್ಲನ್ನು ಕಬ್ಬಿನ ಹಾಗೆ ಕಡಿದು ಹೋದ ವಾರ
ಗೋಡೆಯಾಚೆಯಿಂದ ಅವನೇ ಕೂಗಿ ಹೇಳಿದ್ದ ಪಾಸ್‌ವರ್ಡು:
'ಬರ್ಕೊಳಿ ಅಕ್ಕ, ಹದಿನಾರು ಟನ್ನು ನಾನೂರು.
ಟನ್ನು ಇಂಗ್ಲಿಷಲ್ಲಿ, ಮಿಕ್ಕಿದ್ದು ಅಂಕಿ.'
ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಕೆಲಸಕ್ಕೆ ಸೇರಿದ ದಿನ ತೂಗಿದ ಮೊದಲ ಲಾರಿಯಂತೆ.
ಬೀದಿಗೆಲ್ಲ ಕೇಳಿತು.
ಅದನ್ನು ಗುಟ್ಟಾಗಿ ಹೇಳಬೇಕೆಂದು ಅವನಿಗೆ ತೋಚಿರಲೇ ಇಲ್ಲ.

ನಾನು ಮರೆತಿದ್ದೆ. ಈ ಡಬ್ಬ ಮರೆತಿರಲಿಲ್ಲ.
ನಮ್ಮ ಅಲೆ ಚೂರು ಕುಗ್ಗಿದರೆ ಸಾಕು,
ಗೋಡೆ ಹಾರಿ ಅವನ ಮನೆಯಲ್ಲಿ ಕೂತುಬಿಡುತ್ತಿತ್ತು.

ಒಂಬತ್ತೂವರೆಗೆ ಹೋದೆ.
ಕೆಂಪಮಣಿ ಹೊಲಿಗೆ ಯಂತ್ರದ ಮುಂದೆ, ಬಾಯಲ್ಲಿ ಗುಂಡುಸೂಜಿ.
ಮೊಳೆಗೆ ತೂಗುಬಿಟ್ಟ ರೌಟರಿನಲ್ಲಿ
ಒಂದು ಕೆಂಪು, ಒಂದು ಹಸಿರು.
'ದುಡ್ಡು ಕಟ್ಟಿಲ್ಲ ಅಂತ ಲೈನು ಕಿತ್ತವ್ರೆ. ದೀಪ ಮಾತ್ರ ಉರೀತದೆ.
ಉರೀಲಿ ಬುಡಿ ಅಕ್ಕ, ರಾತ್ರಿ ನೀರು ಕುಡಿಯೋಕೆ ಎದ್ರೆ
ಅದ್ರ ಬೆಳಕಲ್ಲೇ ಬಿಂದಿಗೆ ಕಾಣೋದು.'
ಆರಿಸಿ ಅನ್ನಲು ಹೋದವಳು
ನೆಪಕ್ಕೆ ಹಿಡಿದಿದ್ದ ರವಿಕೆಯನ್ನು
ಹುಕ್ಕು ಹಾಕಲು ಕೊಟ್ಟು ಬಂದೆ.

ಹೆಸರನ್ನು ಒತ್ತಿದರೆ ದಾರಿ ಎರಡು.
'ಮರೆತುಬಿಡು' ಅಂತ ಒಂದು.
ಮುದಸ್ಸಿರ್ ಹೇಳಿದ್ದೂ ಅದನ್ನೇ: ಒಂದು ಒತ್ತು, ಮುಗೀತು ಮೇಡಂ.
ಇನ್ನೊಂದು, 'ತಾನಾಗಿಯೇ ಸೇರಿಕೋ' ಎಂಬುದರ ಪಕ್ಕದ ಸರಿ ಗುರುತು.
ಆ ಗುರುತನ್ನಷ್ಟೇ ತೆಗೆದೆ.

ಹನ್ನೊಂದು ಐವತ್ತೆರಡಕ್ಕೆ ಸಿಮೆಂಟಿನವನದು ಹೋಯಿತು.
ಬೆಲ್ಲದವರಲ್ಲಿ ಒಬ್ಬನದು ಉಳಿಯಿತು. ತಪ್ಪು ಅವನದೇ,
ಬಿಲ್ಲುಗಳನ್ನೇ ಕಳಿಸಿರಲಿಲ್ಲ. ದಿನಕ್ಕೆ ಇಷ್ಟು ಅಂತ ದಂಡ ಕಟ್ಟಲಿ.
ಮುಚ್ಚುವ ಮುಂಚೆ ಮೂಲೆ ಇನ್ನೊಮ್ಮೆ ಒತ್ತಿ ನೋಡಿದೆ,
ನಾಲ್ಕೂ ಗೆರೆ.
ಗೋಡೆಯಾಚೆ
ಬಿಂದಿಗೆಯ ಮುಚ್ಚಳದ ಸದ್ದು.