ಕೊನೆಗೆ ಬರುವ ‘ಬೇಡ’

ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಲಖಮ್‌ಶೀ ಭಾಯಿ
ಗಾಜಿನ ಮೇಲೆ ಹನ್ನೊಂದು ಮೈಕು ಸಾಲಾಗಿ ಮಲಗಿಸಿದ.
‘ಎಲ್ಲಾ ಒಂದೇ ಮಾಲು, ಬೆನ್. ಪೆಟ್ಟಿಗೆ ಬೇರೆ, ಅಷ್ಟೇ.’
ಚೀಲದಿಂದ ನಮ್ಮ ವಾಕಿಟಾಕಿ ತೆಗೆದಿಟ್ಟೆ,
ಪಕ್ಕದಲ್ಲಿ ಸಾಬಣ್ಣನ ಬುತ್ತಿಡಬ್ಬಿ,
ರೊಟ್ಟಿಯಷ್ಟೇ ತೆಳ್ಳಗಾದದ್ದು.
ಭಾಯಿ ನೋಡಿದ. ಏನೂ ಕೇಳದೆ ಚಹಾ ಹೇಳಿದ.

ಶಿವಡಿಯಲ್ಲಿ ನಮ್ಮ ಟವರು, ಮೂವತ್ತೊಂದನೇ ಸ್ಲ್ಯಾಬು.
ಕ್ರೇನಿನ ಗೂಡಿನೊಳಗೆ ದುಂಡಪ್ಪ ಕೂತರೆ
ಕೆಳಗಿನವರು ಅವನಿಗೆ ಹಳದಿ ಟೊಪ್ಪಿಗೆ, ಕಡಲೆಕಾಳು.
ಸಾಬಣ್ಣನ ಮಾತೇ ಅವನ ಕಣ್ಣು.
ಇಬ್ಬರೂ ಶಹಾಪುರದ ಕಡೆಯವರು:
ಎತ್ತು, ಹೊರಳ್ಸು, ಸಾವಕಾಶ, ಇಳಸು.

ಆ ದಿನ ಸಾಬಣ್ಣ ಹೇಳಿದ್ದು ‘ಇಳಸಬ್ಯಾಡ’.
ಮೈಕಿನ ಕುತ್ತಿಗೆಯಲ್ಲಿ, ವೈರು ಒಳಹೊಗುವ ಕಡೆ,
ಎಳೆಯೊಂದು ಹರಿದಿತ್ತು. ಕೈ ಎತ್ತಿದರೆ ಮಾತು ಕಡಿಯುತ್ತಿತ್ತು.
ಅವನು ಗಾಬರಿಯಲ್ಲಿ ಕೈ ಎತ್ತಿದ್ದ.
ಮೇಲೆ ತಲುಪಿದ್ದು ‘ಇಳಸ’.

ಎರಡು ಟನ್ನು ಸರಳು ಇಳಿಯಿತು.
ಮನುಷ್ಯರು ಹಾರಿಕೊಂಡರು.
ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ
ಹಾರಿಕೊಳ್ಳಲಿಲ್ಲ.

ಹೋಗಬೇಡ, ಮುಟ್ಟಬೇಡ, ಅಳಬೇಡ.
ಮೊದಲು ಕೆಲಸ ಹೇಳುತ್ತೇವೆ,
ಆಮೇಲೆ ಬಾಲ ಹಿಡಿದು ಹಿಂದಕ್ಕೆಳೆಯುತ್ತೇವೆ.
ಹುಟ್ಟಿದಾಗಿನಿಂದ ಆಡಿದ ಮಾತು, ನನಗಿದು ಗೊತ್ತೇ ಇರಲಿಲ್ಲ.
‘ಹಿಂದಿಯಲ್ಲಿ ಮತ್ ಮೊದಲು ಬರುತ್ತದೆ,
ಇನ್ನು ಹಿಂದಿಯಲ್ಲೇ ಮಾತಾಡಿ’ ಎಂದ ಫೋರ್‌ಮನ್ ಮಿಶ್ರಾ.
ಮಾರನೇ ದಿನ ಗುಂಡಿ ಒತ್ತುವುದು ಚೂರು ತಡವಾಗಿ
ಆ ‘ಮತ್’ ಸಾಬಣ್ಣನ ಹಲ್ಲಿನ ಹಿಂದೆಯೇ ಉಳಿಯಿತು.
ಪುಣ್ಯ, ಕೊಕ್ಕೆ ಬರಿದಾಗಿತ್ತು.
ಸಂಜೆ ನನ್ನ ಮೇಜಿಗೆ ಚೀಟಿ ಬಂತು:
ಸ್ಪೀಕರ್ ಮೈಕು, ಹನ್ನೆರಡು, ಅಗ್ಗದ್ದು.

ನಾನು ಸ್ಟೋರಿನವಳು. ಮೊಳೆಗೂ ಲೆಕ್ಕ ಬರೆಯುವವಳು.
ಮೊದಲನೆಯದರ ವೈರು ಬೆರಳಿಗೆ ಸುತ್ತಿ ಮಡಚಿದೆ,
ಕರಕರ ಅಂತು. ಅತ್ತ ಸರಿಸಿದೆ.
ಮುಂದಿನದರ ಗುಂಡಿ ಕೈಗವಸಿಗೆ ಸಿಗದು.
ಇನ್ನೊಂದರ ಕ್ಲಿಪ್ಪು ನನ್ನ ಸೆರಗನ್ನೇ ಹಿಡಿಯದು,
ಸಾಬಣ್ಣನ ಜಾಕೀಟು ಏನು ಹಿಡಿದೀತು?
ಒಂದರ ಪ್ಲಗ್ಗು ಬಾಡಿಗೆ ಖೋಲಿಯ ಚಿಲಕದ ಹಾಗೆ
ಹೊಕ್ಕೂ ಅಲ್ಲಾಡಿತು.
ಕಿವಿಯೊಳಗೆ ತುರುಕುವುದು ಬೇಡವೆಂದೆ:
ಬೆವರು, ಹೆಲ್ಮೆಟ್ಟು, ಪಾಳಿಗೊಬ್ಬರ ಕಿವಿ.
ದುಂಡಪ್ಪನಿಗೆ ಮಾತ್ರ ತಲೆಗೆ ಹಾಕುವ ಹೆಡ್‌ಸೆಟ್ಟು,
ಅವನ ಎರಡೂ ಕೈಗೆ ಕೆಲಸವುಂಟು.
ಅದೂ ಒಂದೇ ಕಿವಿಯದು; ಇನ್ನೊಂದನ್ನು
ಗಾಳಿಗೆ, ಉಕ್ಕಿನ ಹಗ್ಗದ ನರಳಿಕೆಗೆ ತೆರೆದಿಟ್ಟಿರಬೇಕು.

‘ಹಲೋ ಚೆಕ್, ಒನ್ ಟೂ ಥ್ರೀ’ ಎಂದ ಭಾಯಿ.
ಒನ್ ಟೂ ಥ್ರೀ ಯಾವ ಮೈಕಿನಲ್ಲೂ ಕೇಳುತ್ತದೆ.
ಅಂಗಡಿ ಹುಡುಗನಿಗೆ ಒಂದು ಸೆಟ್ಟು ಕೊಟ್ಟು
ಗ್ರಾಂಟ್ ರೋಡ್ ಸ್ಟೇಷನ್ನಿನ ಸೇತುವೆಗೆ ಅಟ್ಟಿದೆ.
ಕೇಳಿದ್ದನ್ನು ಕೇಳಿದ ಹಾಗೇ ವಾಪಸು ಹೇಳು, ಅಷ್ಟೇ.
ಲೋಕಲ್ಲು ಬರಲೆಂದು ಕಾದು,
ಗುಂಡಿ ಒತ್ತಿ, ಒಂದು ಉಸಿರು ತಡೆದು,
ಕೈ ಮೇಲೆತ್ತಿ ಬೀದಿಗೆ ಬೀದಿಯೇ ತಿರುಗುವಂತೆ ಕೂಗಿದೆ:
ಇಳಸಬ್ಯಾಡ! ಇಳಸಬ್ಯಾಡ!
ತಲೆಯ ಮೇಲೆ ಪೆಟ್ಟಿಗೆ ಹೊತ್ತ ಹಮಾಲನೊಬ್ಬ
ಗಕ್ಕನೆ ನಿಂತ. ಇಂಡಿಯವನಂತೆ.

ಐದು ಮೈಕು ‘ಇಳಸಬ್ಯಾ’ದಲ್ಲಿ ಮುಗ್ಗರಿಸಿದವು.
ಒಂದು ಮಾತ್ರ, ಕಪ್ಪು, ದಪ್ಪ, ಕುರೂಪಿ,
ಕುತ್ತಿಗೆಗೆ ರಬ್ಬರಿನ ಪಟ್ಟಿ, ಪ್ಲಗ್ಗಿಗೆ ತಿರುಪು,
ರೈಲಿನ ಗದ್ದಲದೊಳಗಿಂದ ಆ ಗುಜರಾತಿ ಹುಡುಗನ ನಾಲಿಗೆಯಲ್ಲಿ
‘ಡ’ ಅನ್ನು ಇಡಿಯಾಗಿ ಮರಳಿಸಿತು.

ಹನ್ನೆರಡರ ದುಡ್ಡಿಗೆ ಐದು ಬಂದವು.
ಮಿಶ್ರಾ ಕೇಳಿದ. ಡಬ್ಬಿ ತೋರಿಸಿದೆ.
ಒಂದನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದೂ ಹೇಳಿದೆ,
ಬೈದ, ಸಹಿ ಹಾಕಿದ.

ಮಧ್ಯಾಹ್ನ ಸಾಬಣ್ಣ ಅದೇ ಒದ್ದೆ ಮೈಕು ಹೆಗಲಿಗೆ ಸಿಕ್ಕಿಸಿ
ಮುಖ ಮೇಲೆತ್ತಿದ: ‘ಬುತ್ತಿ ಉಂಡೇನೋ, ದುಂಡ್ಯಾ?’
ನೂರಿಪ್ಪತ್ತು ಮೀಟರು ಎತ್ತರದಿಂದ, ಗಾಳಿ ಸೀಳಿಕೊಂಡು,
‘ಇನ್ನಾ ಇಲ್ಲ.’
ಇಲ್ಲ, ಅಂತ ಸ್ಟೋರಿನವರೆಗೂ ಕೇಳಿಸಿತು.